ಐದು ಬಲ್ಬಿನ ಎಸ್ಟೇಟು

ಯಾರಾದರೂ ನಿಮಗೆ "ನಿಮ್ಮ ಕೈಯಲ್ಲಿ ಕಲೆ ಇದೆ ಕಣ್ರೀ" ಎಂದರೆ, ದಯವಿಟ್ಟು ಆ ಕೈಗಳನ್ನು ಜೇಬಿಗೆ ಹಾಕಿಕೊಂಡು ಅಲ್ಲಿಂದ ಹೊರಟುಬಿಡಿ. ನಾನು ಹೊರಡಲಿಲ್ಲ. ಹಲ್ಲು ಕಿರಿದುಕೊಂಡು ನಿಂತೆ. ಹಾಗೆ ನಿಂತಿದ್ದಕ್ಕೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ. ಹೊಗಳಿದವರು ನಮ್ಮ ಸಾವ್ಕಾರ್ರು, ಅಂದರೆ ಸಿದ್ದಾಪುರದ ಹತ್ತಿರ ನಾನು ಹಾಜರಿ, ಲೆಕ್ಕ ಬರೆಯುವ ರೈಟರಾಗಿದ್ದ ಕಾಫಿ ಎಸ್ಟೇಟಿನ ಯಜಮಾನರು. ಅವರ ಮಗಳ ಮದುವೆಗೆ ನಾನು ಬಣ್ಣದ ಕಾಗದದಲ್ಲಿ ಒಂದು ಮಂಟಪ ಮಾಡಿಕೊಟ್ಟಿದ್ದೆ. ಅದು ಧಾರೆಗೆ ಮೊದಲೇ ಒಂದು ಕಡೆಗೆ ವಾಲಿತ್ತು ನಿಜ. ಆದರೆ ಹೊಗಳಿಕೆ ಮಾತ್ರ ನೆಟ್ಟಗೇ ಇತ್ತು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಒಂದೆರಡು ವರ್ಷವಾಗಿತ್ತು. ಯಾವ ಕಾಗದ ಕೊಡಲು ಮಡಿಕೇರಿಗೆ ಹೋದರೂ "ಮೈಸೂರಿಗೆ ಕಳಿಸ್ತೀವಿ" ಎನ್ನುವ ಕಾಲ. ಕರೆಂಟಿನ ಕಂಬಗಳು ನಮ್ಮ ಎಸ್ಟೇಟಿನ ಗೇಟಿನವರೆಗೆ ಬಂದು ನಿಂತಿದ್ದವು. ಒಳಗೆ ಎಲ್ಲೆಲ್ಲಿಗೆ ತಂತಿ ಎಳೆಯಬೇಕೆಂದು ನೋಡಲು ಇಂಜಿನಿಯರು ಬರುವವರಿದ್ದರು. ನಾನು ನೀಟಾಗಿ ಒಂದು ನಕ್ಷೆ ಬರೆದುಕೊಟ್ಟೆ. ಸಾವ್ಕಾರ್ರು ಅದನ್ನು ತಲೆಕೆಳಗಾಗಿ ಹಿಡಿದು ಬಹಳ ಹೊತ್ತು ನೋಡಿದರು. "ರೈಟ್ರೆ, ಇದರಲ್ಲಿ ಬರೀ ಗೆರೆ ಅಲ್ವಾ? ನೀವು ಒಂದು ಮಾಡೆಲ್ ಮಾಡಿ. ಕಿಟಕಿಯಲ್ಲಿ ಬೆಳಕು ಬರ್ಬೇಕು. ಎಲ್ಲಿ ಬೆಳಕು ಉಂಟೋ ಅಲ್ಲಿಗೆ ತಂತಿ. ಇಂಜಿನಿಯರು ಒಂದೇ ಸಲಕ್ಕೆ ನೋಡಿ ಬರ್ಕೊಂಡು ಹೋಗ್ಲಿ. ನಿಮ್ಮ ಕೈಯಲ್ಲಿ ಕಲೆ ಇದೆ ಕಣ್ರೀ" ಎಂದರು. ಹಲ್ಲು ಕಿರಿದದ್ದು ಆಗಲೇ.

ಹದಿನೈದು ದಿನ ಪ್ಲೈವುಡ್ ಪೆಟ್ಟಿಗೆಗಳನ್ನು ಕೊಯ್ದೆ, ಬೆರಳನ್ನೂ ಕೊಯ್ದುಕೊಂಡೆ. ಚಾವಣಿಗೆ ರಟ್ಟು, ಕಿಟಕಿಗೆ ಎಣ್ಣೆ ಸವರಿದ ಹಳದಿ ಕಾಗದ. "ಇಲ್ಲಿ ನಮ್ಮ ಮನೆಯ ಹೆಂಚು ಸೋರ್ತಾ ಇದೆ. ನೀವು ಪೆಟ್ಟಿಗೆ ಮನೆಗೆ ಮಾಡು ಹೊದಿಸ್ತಾ ಕೂತಿದ್ದೀರಿ" ಎಂದಳು ನನ್ನ ಹೆಂಡತಿ ಸರೋಜ. ಕಲಾವಿದನಿಗೆ ಮನೆಯಲ್ಲಿ ಮರ್ಯಾದೆ ಎಲ್ಲಿ? ಕೊನೆಗೆ ದೀಪದ ಸರದಿ ಬಂತು. ಟಾರ್ಚಿನ ಬಲ್ಬೊಂದನ್ನು ಎಸ್ಟೇಟ್ ಲಾರಿಯ ಬ್ಯಾಟರಿಗೆ ತಗುಲಿಸಿದೆ. ಒಂದು ಸಲ ಫಳ್ ಎಂದು ಹೊಳೆದು ಸತ್ತೇಹೋಯಿತು. ಎರಡನೆಯದೂ ಅದೇ ದಾರಿ ಹಿಡಿಯಿತು. ಲಾರಿ ಡ್ರೈವರ್ ಮೊಯ್ದು ಎನ್ನುವವ ಬೀಡಿ ಬಾಯಿಂದ ತೆಗೆದು, "ಎಂತ ಸಾರೇ, ಒಂದೇ ಬಲ್ಬಿಗೆ ಅಷ್ಟು ಕೊಟ್ಟರೆ ಅದು ತಡೀತದಾ? ಐದು ಬಲ್ಬನ್ನ ಮಾಲೆ ಹಾಗೆ ಒಂದೇ ತಂತೀಲಿ ಕಟ್ಟಿ. ಹಂಚಿಕೊಂಡು ಉರೀತಾವೆ" ಎಂದ. ಸರಿ, ಐದು. ಬಂಗಲೆಗೆ ಮೂರು ಸಾಕಾದವು. ಒಂದನ್ನು ನನ್ನ ಕ್ವಾರ್ಟರ್ಸಿಗೆ ಇಟ್ಟೆ, ಮನುಷ್ಯನಲ್ಲವೇ ನಾನೂ? ಇನ್ನೊಂದು ಉಳಿಯಿತು. ಅದನ್ನು ಕೂಲಿಯವರ ಲೈನಿನೊಳಗೆ ಇಟ್ಟೆ. ಎಂಟು ಮನೆಗಳ ಉದ್ದನೆ ಸಾಲು, ಮನೆಗೊಂದರಂತೆ ಎಂಟು ಕಿಟಕಿ. ಒಂದೇ ಬಲ್ಬಿಗೆ ಎಂಟೂ ಬೆಳಗಿದವು. ಇದರಲ್ಲಿ ದಯೆ ಧರ್ಮ ಏನೂ ಇರಲಿಲ್ಲ. ಬಲ್ಬು ಉಳಿದಿತ್ತು, ಅಷ್ಟೇ.

ಮಾಡೆಲನ್ನು ಗೋದಾಮಿನಲ್ಲಿಟ್ಟು, ಅಲ್ಲಿನ ಕಿಟಕಿಗಳಿಗೆ ಗೋಣಿ ಕಟ್ಟಿ ಕತ್ತಲೆ ಮಾಡಿ ದೀಪ ಹಚ್ಚಿದಾಗ, ಗಿಡಗಳಿಗೆ ಗೊಬ್ಬರ ಹಾಕಿ ಬಂದ ಹೆಂಗಸರೆಲ್ಲ ಬಾಗಿಲಲ್ಲಿ ಗುಂಪು ಕಟ್ಟಿದರು. ಪಿರಿಯಾಪಟ್ಟಣದ ಕಡೆಯ ಚಿಕ್ಕತಾಯಮ್ಮ ಬುಟ್ಟಿ ಕೆಳಗಿಟ್ಟು ಒಳಕ್ಕೇ ಬಂದಳು. "ಇದು ನಮ್ ಲೈನಾ, ರೈಟ್ರೇ?"

"ಹೌದು."

"ನಮ್ಗೂ ಕರೆಂಟ್ ಬತ್ತದಾ?"

ಇಲ್ಲ ಎನ್ನಬಹುದಿತ್ತು. ಅಷ್ಟು ಜನ ಬಾಯಿ ಬಿಟ್ಟುಕೊಂಡು ನನ್ನ ಕಲೆಯನ್ನು ನೋಡುತ್ತಿರುವಾಗ ಇಲ್ಲ ಎನ್ನಲು ನಾಲಿಗೆ ಹೊರಳಲಿಲ್ಲ. "ಬರ್ತದೆ" ಎಂದುಬಿಟ್ಟೆ.

"ಉಳ್ಕೊಂಡೆ ಕಣಪ್ಪ! ಸೊಸೆಗೆ ಇನ್ನೆರಡ್ ತಿಂಗ್ಳಿಗೆ ದಿನ ತುಂಬ್ತದೆ. ಹೋದ್ ಸಲ ಬುಡ್ಡಿ ದೀಪ ಆರ್ಹೋಗಿ, ಸೂಲಗಿತ್ತಿ ಕತ್ತಲಲ್ಲಿ ತಡಕಾಡಿ, ಮಗ ಉಳೀಲಿಲ್ಲ. ಈ ಸಲ ಬೆಳಕಲ್ಲೇ ಹೆರ್ತಾಳೆ" ಎಂದು ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮಾರನೆಯ ದಿನ ಸಾವ್ಕಾರ್ರು ಬಂದು ನೋಡಿದರು. ಮುಖ ಅರಳಿತು, ಆಮೇಲೆ ಗಂಟಿಕ್ಕಿತು. "ಲೈನಿಗೆ ದೀಪ ಇಡಿ ಅಂತ ಯಾರು ಹೇಳಿದ್ದು ನಿಮಗೆ? ಬಂಗಲೆ ಬಿಟ್ಟು ಇನ್ನೊಂದೇ ಒಂದು ಕಡೆಗೆ ತಂತಿ. ಯಾವುದು ಅಂತ ನೀವೇ ನೋಡ್ಕೊಳ್ಳಿ."

ನೀವೇ ನೋಡ್ಕೊಳ್ಳಿ! ಅವರೇ ಹೇಳಿದ್ದರೆ ಅವರನ್ನು ಬೈದುಕೊಂಡು ಹಾಯಾಗಿರಬಹುದಿತ್ತು. ನನ್ನ ಕೈ ನನ್ನನ್ನು ಕೇಳದೆ ಲೈನಿನ ಬಲ್ಬಿಗೇ ಹೋಯಿತು. ತಿರುಗಿಸಿ ತೆಗೆದೆ. ಬಂಗಲೆಯೂ ಸೇರಿದಂತೆ ಇಡೀ ಎಸ್ಟೇಟು ಕತ್ತಲಾಯಿತು. "ಒಂದು ತೆಗೀರಿ ಅಂದ್ರೆ ನನ್ನ ಬಂಗಲೆ ಆರಿಸ್ತೀರಲ್ರೀ!" ಎಂದು ಕತ್ತಲೆಯಲ್ಲಿ ಸಾವ್ಕಾರ್ರ ದನಿ ಕೇಳಿತು. ಒಂದೇ ತಂತಿಯ ಮಾಲೆ, ಒಂದು ಕಿತ್ತರೆ ಎಲ್ಲವೂ ಆರುತ್ತವೆ ಎಂದು ವಿವರಿಸಿದೆ. ಮತ್ತೆ ಬಲ್ಬು ತಿರುಗಿಸಿದೆ, ಮತ್ತೆ ಎಲ್ಲ ಬೆಳಗಿತು. ಅದು ಉರಿಯಲೇಬೇಕು, ಆದರೆ ಕಾಣಬಾರದು. ಆಗ ನನ್ನ ಕಲೆ ಕೆಲಸಕ್ಕೆ ಬಂತು. ಕಪ್ಪು ಕಾಗದವನ್ನು ಅಳತೆಗೆ ಸರಿಯಾಗಿ ಕತ್ತರಿಸಿ, ಒಳಗಡೆಯಿಂದ ಎಂಟು ಕಿಟಕಿಗೂ ಅಂಟಿಸಿದೆ. ಒಂದು ಎಳೆ ಬೆಳಕೂ ಹೊರಗೆ ಬರಲಿಲ್ಲ. ನನ್ನ ಜನ್ಮದಲ್ಲಿ ಅಷ್ಟು ಅಚ್ಚುಕಟ್ಟಾದ ಕೆಲಸ ಇನ್ನೊಂದು ಮಾಡಿಲ್ಲ. ಇಂಜಿನಿಯರು ಬಂದರು, ಮೆಚ್ಚಿದರು, ಬರೆದುಕೊಂಡು ಹೋದರು. ನನ್ನ ಮನೆಗೆ ಕರೆಂಟು ಬಂತು. ಚಿಕ್ಕತಾಯಮ್ಮ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಕೇಳಿ ಉಗಿದಿದ್ದರೆ ಎಷ್ಟೋ ವಾಸಿಯಾಗಿತ್ತು.

ಮನೆಗೆ ದೀಪ ಬಂದ ನಾಲ್ಕನೆಯ ದಿನ, ಮಳೆ ಹೊಡೆಯುತ್ತಿದ್ದ ಒಂದು ಸಂಜೆ, ಆಕೆ ಸೊಸೆಯನ್ನು ಮಳೆಗೆ ಹೊದೆಯುವ ಗೊರಬೆಯ ಕೆಳಗೆ ನಡೆಸಿಕೊಂಡು ನಮ್ಮ ಜಗಲಿಗೆ ಬಂದಳು. ನನ್ನ ಮುಖ ನೋಡಲಿಲ್ಲ. ಸರೋಜಳಿಗೆ, "ಅಮ್ಮಾ, ನೋವು ಸುರುವಾಗದೆ. ನಿಮ್ಮನೇಲಿ ಬೆಳಕದಲ್ಲ" ಎಂದಳು. ಸರೋಜ ಒಂದು ಕ್ಷಣವೂ ಯೋಚಿಸದೆ ನಡುಮನೆಯಲ್ಲಿ ಚಾಪೆ ಹಾಸಿ, "ನೀವು ಹೊರಗೆ ನಡೀರಿ" ಎಂದು ನನ್ನನ್ನು ಅಟ್ಟಿದಳು. ಅಂಗಳದಲ್ಲಿ ನೆನೆಯುತ್ತ ನಿಂತಿದ್ದವನನ್ನು ಚಿಕ್ಕತಾಯಮ್ಮನ ಮಗ ಕೆಂಪಯ್ಯ, ಬಸುರಿಯ ಗಂಡ, "ಮಳೇಲ್ ಯಾಕ್ ನಿಂತೀರಿ, ನಮ್ಮನೆಗೆ ಬನ್ನಿ" ಎಂದು ಲೈನಿಗೆ ಕರೆದುಕೊಂಡು ಹೋದ.

ಹನ್ನೊಂದು ವರ್ಷ ಆ ಲೈನಿನ ಮುಂದೆ ದಿನಾ ಬೆಳಿಗ್ಗೆ ನಿಂತು ಹಾಜರಿ ಕೂಗಿದ್ದೇನೆ. ಒಳಗೆ ಕಾಲಿಟ್ಟದ್ದು ಅವತ್ತೇ ಮೊದಲು. ಕೆಂಪಯ್ಯ ಬುಡ್ಡಿ ಹಚ್ಚಿ, ಒಲೆ ಊದಿ ಕಾಫಿಗೆ ನೀರಿಟ್ಟ. ನನ್ನ ಮನೆಯ ಕಡೆಯಿಂದ ಮಗು ಅಳುವ ಸದ್ದು ಬರುವವರೆಗೂ ಅವನು ಒಲೆ ಊದುತ್ತಲೇ ಕೂತಿದ್ದ. ಸದ್ದು ಬಂದ ಮೇಲೆ ಗೊಳೋ ಎಂದು ಅತ್ತ, ನಕ್ಕ, ನನ್ನ ಕೈ ಹಿಡಿದುಕೊಂಡ. ಅಷ್ಟರಲ್ಲಿ ಒಲೆಯ ಹೊಗೆ ತುಂಬಿ ನನಗೆ ಕೆಮ್ಮು ಹತ್ತಿತ್ತು. ಎದ್ದು ಗೋಡೆ ತಡವಿದೆ. ಆ ಕಡೆಯ ಗೋಡೆಯನ್ನೂ ತಡವಿದೆ.

"ಏನ್ ಹುಡುಕ್ತೀರಿ, ರೈಟ್ರೇ?"

"ಕಿಟಕಿ ಎಲ್ಲಪ್ಪಾ?"

"ನಮ್ ಲೈನ್‌ಗೆ ಎಲ್ಲಿ ಕಿಟಕಿ? ನೀವ್ ಮಾಡಿದ್ದುರಲ್ಲ ಬೊಂಬೆ ಮನೆ, ಅದ್ರಲ್ಲಿ ಇತ್ತು. ಕರೆಂಟ್ ಜತೆಗೆ ಕಿಟಕೀನೂ ಹಾಕ್ಸಿ ಕೊಡ್ತಾರೆ ಅಂತ ಮಾತಾಡ್ಕೊಂಡಿದ್ದೊ" ಎಂದ ಕೆಂಪಯ್ಯ, ನಗುತ್ತಲೇ.

ಕಾಫಿ ತುಂಬ ಚೆನ್ನಾಗಿದೆ ಎಂದೆ. ಆಮೇಲೆ ಬುಡ್ಡಿಯನ್ನು, ನನ್ನ ಮುಖ ಅವನಿಗೆ ಕಾಣದಷ್ಟು ದೂರಕ್ಕೆ ಸರಿಸಿಟ್ಟೆ.