ಮಾವ ಮತ್ತು ಡಿಡಕ್ಟಿಬಲ್

ಈ ದುಬೈ ಮಹಾನಗರದಲ್ಲಿ ಕಾಯಿಲೆಗಳನ್ನು ಸಗಟಾಗಿ ಮಾತ್ರ ತೋರಿಸಿಕೊಳ್ಳುವ ವ್ಯಕ್ತಿ ಯಾರಾದರೂ ಇದ್ದರೆ ಅದು ನನ್ನ ಮಾವ! ಬರೀ ಒಂದು ನೆಗಡಿಗಾಗಿ ಡಾಕ್ಟರ ಬಳಿ ಹೋಗುವುದು ಅವರ ಪ್ರಕಾರ ಶುದ್ಧ ದುಂದುಗಾರಿಕೆ. ಜೊತೆಗೊಂದು ಮಂಡಿನೋವು, ಸ್ವಲ್ಪ ಅಜೀರ್ಣ, ಕಿವಿಯಲ್ಲೊಂದು ಗುಂಯ್ ಶಬ್ದ ಸೇರಲಿ, ಆಮೇಲೆ ನೋಡೋಣ.

ಇದಕ್ಕೆಲ್ಲ ಕಾರಣ ಡಿಡಕ್ಟಿಬಲ್ ಎಂಬ ಒಂದು ಪದ. ಅತ್ತೆ ತೀರಿಕೊಂಡ ಮೇಲೆ ಮಾವನನ್ನು ಉಡುಪಿಯಿಂದ ಊದ್ ಮೇಥಾ ಬಡಾವಣೆಯ ನಮ್ಮ ಫ್ಲ್ಯಾಟಿಗೆ ಕರೆತಂದೆವು. ಆ ಹೊತ್ತಿಗೆ ಇಲ್ಲಿ ಎಲ್ಲರಿಗೂ ಆರೋಗ್ಯ ವಿಮೆ ಕಡ್ಡಾಯವಾಗಿತ್ತು. ಎಪ್ಪತ್ತು ದಾಟಿದವರೆಂದರೆ ವಿಮೆಯವರಿಗೆ ಎಷ್ಟು ಗೌರವ! ಆ ಗೌರವವನ್ನೆಲ್ಲ ಅವರು ವರ್ಷದ ಕಂತಿನಲ್ಲೇ ತೋರಿಸಿಬಿಡುತ್ತಾರೆ. ನನ್ನ ಗಂಡ ಅಬುಧಾಬಿಯ ಮುಸಫ್ಫಾದ ಕಂಪನಿಯೊಂದರಲ್ಲಿದ್ದು, ಶುಕ್ರವಾರದ ರಜೆಗೆಂದು ಗುರುವಾರ ಸಂಜೆ ಮಾತ್ರ ಮನೆ ಕಾಣುವವರು. ಹಾಗಾಗಿ ಕಾರ್ಡ್ ಬಂದ ದಿನ ಮಾವನಿಗೆ ವಿವರಿಸುವ ಪುಣ್ಯ ನನ್ನ ಪಾಲಿಗೆ ಬಂತು.

"ಪ್ರತಿ ಸಲ ಡಾಕ್ಟರ ಹತ್ರ ಹೋದಾಗ ಮೊದಲ ಐವತ್ತು ದಿರ್ಹಮ್ ನಾವು ಕೊಡ್ಬೇಕು ಮಾವ. ಅದೇ ಡಿಡಕ್ಟಿಬಲ್. ಉಳಿದದ್ದು ವಿಮೆಯವರು ಕೊಡ್ತಾರೆ."

"ವರ್ಷದ ಹಣ ಕಟ್ಟಿ ಆಗಿದೆಯಲ್ಲ? ಮತ್ತೆ ಬಾಗಿಲಲ್ಲಿ ಎಂತದು ಐವತ್ತು? ಮದುವೆಗೆ ಕರೆದು, ಉಡುಗೊರೆಯೂ ತಕೊಂಡು, ಊಟದ ಎಲೆಗೆ ದುಡ್ಡು ಕೇಳಿದ ಹಾಗಾಯ್ತು!"

ಮಾವ ಮೂವತ್ತು ವರ್ಷ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಇಡೀ ದಿನ ಯೋಚಿಸಿ ತೀರ್ಪು ಕೊಟ್ಟರು. "ಹತ್ತಿದರೆ ಐವತ್ತು. ಎಲ್ಲಿ ಇಳಿದರೂ ಐವತ್ತು. ಹಾಗಾದ್ರೆ ಮೊದಲ ಸ್ಟಾಪಲ್ಲೇ ಇಳಿಯುವ ಪೆದ್ದ ಯಾರು ಮಾರಾಯ್ತಿ?"

ನಮ್ಮ ಬೀದಿಯ ಕ್ಲಿನಿಕ್ಕಿನ ಡಾಕ್ಟರಮ್ಮ ಮಂಗಳೂರಿನವರು, ಕನ್ನಡ ಬಲ್ಲವರು. ಅದು ಅವರ ದುರದೃಷ್ಟ! ಮೊದಲ ಭೇಟಿಯಲ್ಲೇ ಮಾವ ನೆತ್ತಿಯಿಂದ ಹೊರಟು ಕಾಲಿನ ಹೆಬ್ಬೆರಳು ತಲುಪುವಷ್ಟರಲ್ಲಿ ಹೊರಗಿನ ಬೆಂಚು ಭರ್ತಿಯಾಗಿತ್ತು.

"ಅಂಕಲ್, ಇವತ್ತು ಮುಖ್ಯವಾದ ಒಂದು ತೊಂದ್ರೆ ಮಾತ್ರ ಹೇಳಿ."

"ನಿಮಗೆ ಯಾವುದು ಬೇಕೋ ಆರಿಸಿಕೊಳ್ಳಿ ಡಾಕ್ಟ್ರೇ. ನಂದೇನೂ ಒತ್ತಾಯ ಇಲ್ಲ!"

ಹೊರಡುವಾಗ ಕೌಂಟರಿನ ಹುಡುಗಿ ಒಂದು ಮಾತು ಬಾಯಿಬಿಟ್ಟಳು. ಅದೇ ತೊಂದರೆಗೆ ಒಂದು ವಾರದೊಳಗೆ ಮತ್ತೆ ಬಂದರೆ ಐವತ್ತು ಕೊಡಬೇಕಾಗಿಲ್ಲ! ಸರಿ, ಆರನೆಯ ದಿನ ಮಾವ ಮತ್ತೆ ಹಾಜರು.

"ಮಂಡಿನೋವು ಹೇಗುಂಟು ಅಂಕಲ್?"

"ಮಂಡಿಯಲ್ಲಿ ಈಗ ಇಲ್ಲ. ಹೆಗಲಿಗೆ ಶಿಫ್ಟ್ ಆಗಿದೆ. ಆದ್ರೆ ನೋವು ಮಾತ್ರ ಅದೇ ಡಾಕ್ಟ್ರೇ, ಹೊಸತಲ್ಲ!"

ಡಾಕ್ಟರಮ್ಮ ನಕ್ಕು ಸುಸ್ತಾಗಿ ಹೆಗಲನ್ನೂ ನೋಡಿದರು. ನಾನು ಮಾತ್ರ ತಲೆ ತಗ್ಗಿಸಿ ನೆಲದ ಟೈಲ್ಸ್ ಎಣಿಸುತ್ತಿದ್ದೆ.

ಹೀಗಿರುವಾಗ ಒಂದು ಸೋಮವಾರ ಬೆಳಿಗ್ಗೆ ನಾನು ಆಫೀಸಿಗೆ ಹೊರಟರೆ, ಮಾವ ಇಸ್ತ್ರಿ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿದ್ದಾರೆ. "ಯಲ್ಲಾ, ನಡಿ ನಡಿ, ಕ್ಲಿನಿಕ್ಕಿಗೆ ಹೋಗುವ. ನಿನ್ನ ಕಾರ್ಡೂ ತಕೋ."

ನನ್ನದು ಯಾಕೆ? ಒಂದು ಕಾರ್ಡಿನಲ್ಲಿ ಹಿಡಿಸದ ಕಾಯಿಲೆಗಳನ್ನು ನನ್ನ ಕಾರ್ಡಿಗೆ ತುಂಬಿಸುವ ಯೋಜನೆಯೇ? ಹಲ್ಲು ಕಚ್ಚಿಕೊಂಡು ಹೊರಟೆ.

ಕೌಂಟರಿನಲ್ಲಿ ಮಾವ ಅಂಗಿಯ ಜೇಬಿನಿಂದ ಐವತ್ತರ ನೋಟು ತೆಗೆದು, ಯಾರೂ ಕೇಳುವ ಮೊದಲೇ ಮುಂದೆ ಇಟ್ಟರು. "ನನಗೆ ಎಂತದೂ ಇಲ್ಲ. ಇವಳನ್ನು ನೋಡ್ಬೇಕು."

"ನನಗೇನಾಗಿದೆ ಮಾವ?"

"ನಿನ್ನೆ ಎರಡು ಸಲ ಅಡುಗೆಮನೆಯಲ್ಲಿ ಗೋಡೆ ಹಿಡ್ಕೊಂಡು ನಿಂತೆ. ಮೊನ್ನೆಯೂ ನಿಂತಿದ್ದೆ. ನಾನು ನೋಡಿದ್ದೇನೆ."

ತಲೆಸುತ್ತು ಬರುತ್ತಿದ್ದುದು ನಿಜ. ಗಂಡನಿಗೂ ಹೇಳಿರಲಿಲ್ಲ. ಡಾಕ್ಟರಮ್ಮ ರಕ್ತದೊತ್ತಡವನ್ನು ಎರಡು ಸಲ ನೋಡಿ, ಇನ್ನೊಂದು ತೋಳಿಗೂ ಪಟ್ಟಿ ಕಟ್ಟಿ ನೋಡಿದರು. ಈ ಸಲ ಅವರು ನಗಲಿಲ್ಲ. "ಇಷ್ಟು ಏರುವವರೆಗೆ ಸುಮ್ಮನಿದ್ದೀರಲ್ಲ! ಇವತ್ತೇ ಮಾತ್ರೆ ಶುರು ಮಾಡಿ."

ಹೊರಗೆ ಬಂದೆ. ಬೆಂಚು ಖಾಲಿಯಿದ್ದರೂ ಮಾವ ಬಾಗಿಲ ಬಳಿ ನಿಂತೇ ಇದ್ದರು. ವಿಷಯ ಹೇಳಿದೆ.

"ನಿನ್ನ ಅತ್ತೆಯೂ ಹೀಗೇ ಗೋಡೆ ಹಿಡ್ಕೊಂಡು ನಿಲ್ತಿದ್ದಳು ಮಗಾ. ಕೇಳಿದ್ರೆ ಬಿಸಿಲಿಗೆ ಅಂತ ಹೇಳ್ತಿದ್ದಳು. ನಾನು ಅದನ್ನೇ ನಂಬಿ ಪೇಪರ್ ಓದ್ತಾ ಕೂತೆ."

ರಸ್ತೆ ದಾಟುವಾಗ ಮಾವ ನನ್ನ ಕೈ ಹಿಡಿದರು. ಮನೆಯ ಮೆಟ್ಟಿಲು ಹತ್ತಿದ ಮೇಲೂ ಬಿಡಲಿಲ್ಲ.