ಭದ್ರಾವತಿಯವರೆಗೆ ಊಟಿ ಪ್ರವಾಸ

"ಈ ಸಲ ಊಟಿ! ನಾನು, ನೀನು, ಮಗಳು. ಮೂರೇ ಜನ! ಎಲ್ಲ ಏರ್ಪಾಡೂ ನಂದು. ನೀನು ಸುಮ್ನೆ ಬ್ಯಾಗ್ ಹಿಡ್ಕೊಂಡು ಬಾ!"

ವಿಶ್ವಾರಾಧ್ಯ ಈ ಘೋಷಣೆ ಹೊರಡಿಸಿದ್ದು ಶಿವಮೊಗ್ಗದ ನವುಲೆಯ ತನ್ನ ಮನೆಯ ಊಟದ ಮೇಜಿನ ಮುಂದೆ, ಕೈಯಲ್ಲಿದ್ದ ಹಪ್ಪಳವನ್ನು ಖಡ್ಗದಂತೆ ಎತ್ತಿ ಹಿಡಿದು. ಗಾಂಧಿ ಬಜಾರಿನಲ್ಲಿ ಅಜ್ಜನ ಕಾಲದಿಂದ ನಡೆದುಬಂದ ಬಟ್ಟೆ ಅಂಗಡಿಯ ಯಜಮಾನ ಅವನು. ಎಂಥ ಮದುವೆ ದಿಬ್ಬಣ ಅಂಗಡಿಗೆ ನುಗ್ಗಿದರೂ ಬೀಗರು ಬೀಗರಿಗೆ ಜಗಳ ಹತ್ತುವ ಮೊದಲೇ ಸೀರೆ ಕಟ್ಟಿ ಕಳಿಸುವ ಧೀರ! ಅಂಥವನಿಗೆ ಊಟಿ ಯಾವ ಲೆಕ್ಕ?

ಹೆಂಡತಿ ಸುಮನಾ ಸಾರಿನ ಸೌಟು ಹಿಡಿದುಕೊಂಡೇ ಕೇಳಿದಳು: "ಊಟಿಯಲ್ಲಿ ಯಾರ ಮನೆ?"

"ಯಾರ ಮನೇನೂ ಇಲ್ಲ! ಹೋಟೆಲು!"

"ದಾರೀಲಿ ಮೈಸೂರಲ್ಲಿ?"

"ಅಲ್ಲೂ ಹೋಟೆಲು!"

"ನಿಮ್ಮ ಸೋದರತ್ತೆ, ಸೋದರತ್ತೆ ವಾರಗಿತ್ತಿ, ವಾರಗಿತ್ತಿಯ ಬೀಗರು..."

"ಒಬ್ರೂ ಇಲ್ಲ ಮಾರಾಯ್ತಿ! ನಿನ್ನಾಣೆ!"

ಸುಮನಾ ಸೌಟನ್ನು ಕೆಳಗಿಟ್ಟು ಗಂಡನ ಮುಖವನ್ನೇ ನೋಡಿದಳು. ಜ್ವರಗಿರ ಬಂದಿದೆಯೋ ಎಂದು ಅವಳಿಗೆ ಅನುಮಾನ. ಅನುಮಾನಕ್ಕೆ ಕಾರಣವೂ ಇತ್ತು.

ವಿಶ್ವಾರಾಧ್ಯನ ವಂಶದಲ್ಲಿ ಪ್ರವಾಸ ಎಂದರೆ ನೆಂಟರ ಮನೆಗೆ ಹೋಗುವುದು. ನೆಂಟರಿಲ್ಲದ ಊರು ಅವರ ಮಟ್ಟಿಗೆ ಭೂಪಟದಲ್ಲೇ ಇಲ್ಲ! ದಾವಣಗೆರೆಗೆ ಹೋದರೆ ಅತ್ತೆ ಮನೆ, ಬೆಂಗಳೂರಿಗೆ ಹೋದರೆ ಚಿಕ್ಕಪ್ಪನ ಮನೆ, ನಡುವೆ ಗಾಡಿ ಕೆಟ್ಟರೆ ಅಲ್ಲೂ ಯಾರಾದರೊಬ್ಬರು 'ನಮ್ಮೋರು' ಹುಟ್ಟಿಕೊಳ್ಳುತ್ತಿದ್ದರು. "ನಾನು ಇಂಥವರ ಮೊಮ್ಮಗ" ಎಂದರೆ ಸಾಕು, ಚಾಪೆ ಹಾಸಿ ಎಲೆ ಹಾಕುತ್ತಿದ್ದರು. ಹೋಟೆಲಿನಲ್ಲಿ ಮಲಗುವವರೆಂದರೆ ಪಾಪ, ದಿಕ್ಕಿಲ್ಲದವರು. ಹೀಗಾಗಿ ಅಜ್ಜನ ಹೆಸರು ನಡೆಯುವ ಕಡೆಯೆಲ್ಲ ವಿಶ್ವಾರಾಧ್ಯ ಹುಲಿ. ನಡೆಯದ ಕಡೆಗೆ ಅವನು ಹೋದದ್ದೇ ಇಲ್ಲ.

ಸುಮನಾ ಬೆಳೆದದ್ದು ಭದ್ರಾವತಿಯ ನ್ಯೂ ಟೌನಿನಲ್ಲಿ, ಕಾರ್ಖಾನೆಯ ಕ್ವಾರ್ಟರ್ಸ್‌ನಲ್ಲಿ. ಅವಳ ಅಪ್ಪ ಷಣ್ಮುಖಪ್ಪ ಕಾರ್ಖಾನೆಯವರು ಕೊಡುವ ಪ್ರವಾಸದ ರಜೆಯನ್ನು ಒಂದು ಸಲವೂ ಬಿಟ್ಟವರಲ್ಲ. ಹಾಸಿಗೆ ಸುತ್ತಿ, ಚಪಾತಿ ಕಟ್ಟಿ, ಪೆಟ್ಟಿಗೆಗೆ ಸರಪಳಿ ಬಿಗಿದು ಹೆಂಡತಿ ಮಕ್ಕಳಿಗೆ ದೆಹಲಿ, ಪುರಿ, ಕನ್ಯಾಕುಮಾರಿ ಎಲ್ಲ ತೋರಿಸಿದ್ದರು. ಆ ಊರುಗಳಲ್ಲಿ ಅವರ ಹೆಸರು ಕೇಳಿದ ನರಪಿಳ್ಳೆ ಇರಲಿಲ್ಲ. ಅದಕ್ಕೇ ಟಿಕೆಟ್ಟನ್ನು ನಂಬುತ್ತಿದ್ದರು, ಬೋರ್ಡು ಓದುತ್ತಿದ್ದರು, ಗೊತ್ತಾಗದಿದ್ದರೆ ಕೇಳುತ್ತಿದ್ದರು. ಯಾರ ಪರಿಚಯವೂ ಇಲ್ಲದ ಊರಿನಲ್ಲಿ ಇಳಿದು ಧೈರ್ಯವಾಗಿ ನಡೆಯುವುದನ್ನು ಸುಮನಾ ಕಲಿತದ್ದು ಹಾಗೆ.

ಅಂಥ ಹುಡುಗಿ ಮದುವೆಯಾದ ಮೇಲೆ ಕಂಡದ್ದೆಲ್ಲ ಅಡುಗೆಮನೆಗಳನ್ನೇ! ಮೈಸೂರು ಎಂದರೆ ಅವಳಿಗೆ ಅರಮನೆಯಲ್ಲ, ಸೋದರತ್ತೆಯ ಮನೆಯ ಗ್ರೈಂಡರು. ದಾವಣಗೆರೆ ಎಂದರೆ ರೊಟ್ಟಿ ತಟ್ಟುವ ಕಲ್ಲು. ಗಂಡಸರು ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಊರ ಸುದ್ದಿ ಜಗಿಯುವಾಗ ಇವಳು ಒಳಗೆ ಇನ್ಯಾರದೋ ಒಲೆಯ ಮುಂದೆ ನಿಂತಿರುತ್ತಿದ್ದಳು.

"ನಂಗಿರೋದು ಒಂದೇ ಆಸೆ ರೀ," ಎಂದಳು ಸುಮನಾ ಅಂದು. "ಬೆಳಿಗ್ಗೆ ಎದ್ದಾಗ ಯಾರಾದ್ರೂ ಕಾಫಿ ತಂದು ಬಾಗಿಲು ತಟ್ಟಬೇಕು. ಅವ್ರು ನಂಗೆ ಯಾವ ಸಂಬಂಧಾನೂ ಆಗಿರ್ಬಾರ್ದು."

"ತಥಾಸ್ತು!" ಎಂದು ಹಪ್ಪಳ ಮುರಿದ ವಿಶ್ವಾರಾಧ್ಯ.

ಮರುದಿನವೇ ಮಹಾಕಾರ್ಯ ಆರಂಭವಾಯಿತು. ಮೈಸೂರಿನ ಒಂದು ಹೋಟೆಲಿಗೆ ಫೋನ್ ಹಚ್ಚಿದ.

"ನಮಸ್ಕಾರ. ನಿಮ್ಮ ಯಜಮಾನ್ರು ಯಾವ ಊರಿನೋರು?"

"ಯಾಕೆ ಸಾರ್?"

"ಅಲ್ಲ, ನಮ್ಮ ಕಡೆಯೋರಾ ಅಂತ..."

"ರೂಮ್ ಬೇಕಾ ಬೇಡ್ವಾ ಸಾರ್?"

ವಿಶ್ವಾರಾಧ್ಯನಿಗೆ ಕಪಾಳಕ್ಕೆ ಹೊಡೆದಂತಾಯಿತು. ಅಪ್ಪ ಅಜ್ಜ ಯಾರೆಂದು ವಿಚಾರಿಸದೆ ರೂಮು ಕೊಡುತ್ತಾನಂತೆ! ಇಂಥವನನ್ನು ನಂಬುವುದು ಹೇಗೆ? ಫೋನ್ ಕೆಳಗಿಟ್ಟು ಯೋಚಿಸುತ್ತ ಕೂತ. ಕುಕ್ಕರ್ ಕೂಗುವಷ್ಟರಲ್ಲಿ ಸುಮನಾ ಅದೇ ಫೋನ್ ಎತ್ತಿಕೊಂಡು ಮೈಸೂರಿಗೆ ರೈಲು, ಎರಡೂ ಊರಿನಲ್ಲಿ ಹೋಟೆಲು, ಊಟಿಗೆ ಬಸ್ಸು ಎಲ್ಲ ಕಾದಿರಿಸಿ ಒಗ್ಗರಣೆಗೆ ನಿಂತಳು.

"ಆಯ್ತು, ಆ ಸಣ್ಣಪುಟ್ಟ ಕೆಲ್ಸ ನೀನೇ ಮಾಡ್ದೆ ಅಂತ ಇಟ್ಕೋ," ಎಂದ ವಿಶ್ವಾರಾಧ್ಯ ದೊಡ್ಡ ಮನಸ್ಸು ಮಾಡಿ. "ಒಟ್ಟು ಉಸ್ತುವಾರಿ ನಂದೇ!"

ಆದರೆ ಉಸ್ತುವಾರಿ ಸಚಿವರಿಗೆ ಒಳಗೊಳಗೇ ತಳಮಳ. ಅಷ್ಟು ದೂರದ ಬೆಟ್ಟದ ಮೇಲೆ, ಚಳಿಯಲ್ಲಿ, ನಮ್ಮೋರು ಅಂತ ಒಬ್ಬರೂ ಇಲ್ಲದೆ! ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ನೋಡಿ ಭದ್ರಾವತಿಯಲ್ಲಿರುವ ದೊಡ್ಡಪ್ಪ ರಾಮಚಂದ್ರಪ್ಪನವರಿಗೆ ಫೋನ್ ಮಾಡಿದ. ಪ್ರವಾಸದ ಸುದ್ದಿ ಹೇಳುವುದಕ್ಕಲ್ಲ, ಸುಮ್ಮನೆ ಒಂದು ವಿಚಾರಣೆ, ಅಷ್ಟೇ.

"ದೊಡ್ಡಪ್ಪ, ಹಿಂಗೇ ಕೇಳ್ತೀನಿ. ಊಟಿ ಕಡೆ ನಮ್ಮೋರು ಯಾರಾದ್ರೂ ಇದ್ದಾರಾ?"

"ಯಾಕೋ? ಯಾರಿಗೆ ಹೆಣ್ಣು ನೋಡ್ತಿದ್ದೀರಿ?"

"ಹೆಣ್ಣಲ್ಲ ದೊಡ್ಡಪ್ಪ..."

ಗಿರಾಕಿಯ ಮುಂದೆ ಗಳಿಗೆಗೊಂದು ಸುಳ್ಳು ಹೊಲಿಯುವ ನಾಲಿಗೆ ದೊಡ್ಡಪ್ಪನ ಮುಂದೆ ದಾರ ತುಂಡಾಗಿ ನಿಂತಿತು. ಯಾವ ದಿನ, ಯಾವ ರೈಲು, ಯಾವ ಬೋಗಿ, ಎಲ್ಲ ಹೊರಗೆ ಬಂತು.

"ಊಟಿಯಲ್ಲಿ ಯಾರೂ ಇಲ್ವಲ್ಲೋ," ಎಂದರು ದೊಡ್ಡಪ್ಪ, ಆ ಊರಿಗೇ ಏನೋ ಕೆಡುಕಾಗಿದೆ ಎಂಬಂತೆ. "ಆಯ್ತು, ಹುಷಾರಾಗಿ ಹೋಗ್ಬನ್ನಿ."

ಇಷ್ಟೇ. ಸುಮನಾಳಿಗೆ ಹೇಳುವ ಅಗತ್ಯವೇನಿದೆ ಎಂದು ವಿಶ್ವಾರಾಧ್ಯ ಸುಮ್ಮನಾದ.

ಹೊರಡುವ ದಿನ ಬಂತು. ಶಿವಮೊಗ್ಗದ ಸ್ಟೇಷನ್ನಿಗೆ ಸುಮನಾ ರೈಲಿಗಿಂತ ಮೊದಲೇ ಬಂದು ಕೂತಿದ್ದಳು. ಬೋಗಿ ಹತ್ತಿ, ಕಿಟಕಿ ಪಕ್ಕದಲ್ಲಿ ಕಾಲು ಮಡಚಿ ಕೂತು, ರೈಲು ಅಲುಗಿದ ತಕ್ಷಣ ಏನೋ ಒಂದು ರಾಗ ಗುನುಗತೊಡಗಿದಳು. ಮದುವೆಯಾದಂದಿನಿಂದ ಅವಳು ಗುನುಗಿದ್ದನ್ನು ವಿಶ್ವಾರಾಧ್ಯ ಕೇಳಿರಲಿಲ್ಲ. 'ನೋಡು, ನನ್ನ ಏರ್ಪಾಡು ಹೇಗಿದೆ!' ಎಂದು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ.

ಭದ್ರಾವತಿ ಬಂತು. ಎ.ಸಿ. ಬೋಗಿಯ ಗಾಜಿನಾಚೆ, ಪ್ಲಾಟ್‌ಫಾರಂ ಮೇಲೆ, ಶುಭ್ರ ಪಂಚೆಯ ದೊಡ್ಡಪ್ಪ! ಪಕ್ಕದಲ್ಲಿ ಕೈತುಂಬ ಡಬ್ಬಿ ಚೀಲ ಹೊತ್ತ ದೊಡ್ಡಮ್ಮ ಕಾಶಮ್ಮ!

ಗುನುಗು ನಿಂತಿತು. "ಇವ್ರಿಗೆ ಯಾರು ಹೇಳಿದ್ದು?" ಎಂದಳು ಸುಮನಾ.

ವಿಶ್ವಾರಾಧ್ಯ ಬೋಗಿಯ ಸೂರನ್ನು ಬಹಳ ಆಸಕ್ತಿಯಿಂದ ನೋಡಿದ.

"ಸರಿ, ಬಾಗಿಲಲ್ಲೇ ನಿಂತು ಇಸ್ಕೊಂಡು ಬನ್ನಿ. ಕೆಳಗೆ ಇಳೀಬೇಡಿ. ರೈಲು ಈಗ ಹೊರಡುತ್ತೆ."

"ದೊಡ್ಡಪ್ಪ ಕೆಳಗೆ, ನಾನು ಮೇಲೆ ನಿಂತು ಮಾತಾಡೋದಾ? ಚೆನ್ನಾಗಿ ಹೇಳ್ತೀಯ!"

ಇಳಿದ. ಇಳಿದ ಮೇಲೆ ಕಾಲು ಮುಟ್ಟದೆ ಇರುವುದುಂಟೇ? ಚಪ್ಪಲಿ ಕಳಚಿಟ್ಟು ಮೊದಲು ದೊಡ್ಡಪ್ಪನ ಪಾದ, ಆಮೇಲೆ ದೊಡ್ಡಮ್ಮನ ಪಾದ. ದೊಡ್ಡಮ್ಮ ಸೆರಗಿನ ಗಂಟು ಬಿಚ್ಚಿ ವಿಭೂತಿ ತೆಗೆದು ಸಾವಕಾಶವಾಗಿ ಹಣೆಗೆ ಹಚ್ಚಿದರು. ಬಳಿಕ ಡಬ್ಬಿಗಳ ಪರಿಚಯ ಶುರುವಾಯಿತು. "ಇದು ಕಾಯಿ ಹೋಳಿಗೆ. ಇದು ರೊಟ್ಟಿ. ಇದರಲ್ಲಿ ಎಣ್ಣೆಗಾಯಿ ಇದೆ ಕಣಪ್ಪ, ಮುಚ್ಚಳ ಸಡಿಲ, ಅಲ್ಲಾಡಿಸ್ಬೇಡ."

ರೈಲು ಅಲ್ಲಾಡಿತು!

ವಿಶ್ವಾರಾಧ್ಯ ಒಂದು ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡು ಹೊರಟ. ಓಡಬಹುದಿತ್ತು. ಆದರೆ ಹಿರಿಯರು ಅಲ್ಲಾಡಿಸಬೇಡ ಎಂದಿದ್ದಾರಲ್ಲ! ಎಣ್ಣೆಗಾಯಿ ಡಬ್ಬಿಯನ್ನು ಎರಡೂ ಕೈಯಲ್ಲಿ ನೇರವಾಗಿ ಹಿಡಿದು, ಹೊಸ್ತಿಲು ದಾಟುವ ಮದುಮಗಳಂತೆ ಜೋಪಾನವಾಗಿ ದಾಪುಗಾಲು ಹಾಕಿದ. ರೈಲಿಗೆ ಅಷ್ಟೊಂದು ತಾಳ್ಮೆ ಇರಲಿಲ್ಲ. ಅಪ್ಪ ಬೀಳ್ಕೊಡುವುದಕ್ಕೆ ಬಂದವನೆಂದೇ ತಿಳಿದಂತೆ ಮಗಳು ಇಂಪನಾ ಗಾಜಿನ ಹಿಂದಿನಿಂದ ಕೈಬೀಸಿ ಟಾಟಾ ಮಾಡಿದಳು.

ಫೋನ್ ಬಂತು. ಸುಮನಾಳದ್ದು.

"ಅಯ್ಯೋ, ಒಬ್ಳೇ ಹೋಗ್ತಿದ್ದೀಯಲ್ಲೇ!" ಎಂದು ವಿಶ್ವಾರಾಧ್ಯ ಅರಚಿದ.

"ಒಬ್ಳೇ ಎಲ್ಲಿ? ಟಿಕೆಟ್ ಇದೆ, ಮಗಳಿದ್ದಾಳೆ, ಚಪಾತಿ ಇದೆ. ನೀವು ಸೀದಾ ಬಸ್ ಸ್ಟ್ಯಾಂಡಿಗೆ ಹೋಗಿ ಮೈಸೂರು ಕಡೆ ಬಸ್ ಹತ್ತಿ. ಸಂಜೆಗೆ ಹೋಟೆಲಲ್ಲಿ ಇರ್ತೀರಿ. ದೊಡ್ಡಪ್ಪನ ಮನೆಗೆ ಮಾತ್ರ ಹೋಗ್ಬೇಡಿ!"

"ಛೆ ಛೆ, ಹೋಗ್ತೀನಾ?"

ದೊಡ್ಡಪ್ಪನ ಮನೆಗೆ ಹೋದ. ಬರೀ ಕೈಕಾಲು ತೊಳೆಯುವುದಕ್ಕೆ. ಕಾಲು ತೊಳೆದವನು ದೋಸೆ ತಿನ್ನಬೇಕಾಯಿತು, ದೋಸೆ ತಿಂದವನು ಕಾಫಿ ಕುಡಿಯಬೇಕಾಯಿತು. ಅಷ್ಟರಲ್ಲಿ ಮನೆಯ ತುಂಬ ಜನ. ಹೆಣ್ಣುಮಗಳು ಮಗುವನ್ನು ಕಟ್ಟಿಕೊಂಡು ಒಬ್ಬಳೇ ಹೋಗಿದ್ದಾಳಂತೆ ಎಂಬ ಸುದ್ದಿ ಬೀದಿಯಲ್ಲೆಲ್ಲ ಹರಡಿ, ನೆಂಟರು ಒಬ್ಬೊಬ್ಬರಾಗಿ ಮುಖ ಚಿಕ್ಕದು ಮಾಡಿಕೊಂಡು ಬಂದು ಕೂತರು.

ದೊಡ್ಡಪ್ಪ ಫೋನ್ ಕೆಳಗಿಟ್ಟು ಎದ್ದು ನಿಂತರು. "ಚಿಂತೆ ಬಿಡು ವಿಶ್ವ! ಟೆಂಪೋ ಟ್ರಾವೆಲರ್‌ಗೆ ಹೇಳಿದ್ದೀನಿ. ನಾವೆಲ್ಲ ಬರ್ತೀವಿ! ಮೈಸೂರಲ್ಲಿ ನಿನ್ನ ಸೋದರತ್ತೆ ಮನೇಲಿ ಉಳ್ಕೊಳ್ಳೋದು, ಅವರನ್ನೂ ಹತ್ತಿಸ್ಕೊಂಡು ಊಟಿ!"

"ಸುಮನಾ ಇದ್ದಾಳಲ್ಲ, ಅಡುಗೆಗೆ ಕೈ ಸೇರುತ್ತೆ," ಎಂದರು ದೊಡ್ಡಮ್ಮ, ಉಪ್ಪಿನಕಾಯಿ ಭರಣಿ ಚೀಲಕ್ಕೆ ಇಳಿಸುತ್ತ.

ವಿಶ್ವಾರಾಧ್ಯ ಕಾಫಿ ಲೋಟ ಕೆಳಗಿಟ್ಟ. ಕಿಟಕಿ ಪಕ್ಕ ಕಾಲು ಮಡಚಿ ಕೂತು ಗುನುಗುತ್ತಿದ್ದ ಹೆಂಡತಿ ಕಣ್ಣಮುಂದೆ ಬಂದಳು. ಆ ಗುನುಗು ಅಷ್ಟು ಬೇಗ ನಿಂತುಹೋದದ್ದು ತನ್ನಿಂದಲೇ ಎಂದು ಅವನಿಗೆ ಈಗ ಹೊಳೆಯಿತು. ಈ ಟೆಂಪೋ ಹೋಟೆಲಿನ ಮುಂದೆ ನಿಂತರೆ ಅವಳು ಏನೂ ಬೈಯುವುದಿಲ್ಲ. ಸುಮ್ಮನೆ ಸೆರಗು ಸಿಕ್ಕಿಸಿಕೊಂಡು ಸೋದರತ್ತೆಯ ಗ್ರೈಂಡರಿನ ಕಡೆ ನಡೆಯುತ್ತಾಳೆ. ಅದನ್ನು ನೆನೆದೇ ಅವನಿಗೆ ತಡೆಯಲಾಗಲಿಲ್ಲ.

"ಬೇಡ ದೊಡ್ಡಪ್ಪ!" ಎಂದ. ಧ್ವನಿ ತನ್ನದೇ ಹೌದೋ ಅಲ್ಲವೋ ಎನ್ನಿಸಿತು. "ಯಾರೂ ಬರೋದು ಬೇಡ. ನಾನೊಬ್ಬನೇ ಹೋಗ್ತೀನಿ."

ಬೀಸುತ್ತಿದ್ದ ಬೀಸಣಿಗೆ ನಿಂತಿತು.

"ಒಬ್ಬನೇ?" ಎಂದರು ದೊಡ್ಡಪ್ಪ, ನಂಬಲಾರದೆ. "ನಿಮ್ಮಪ್ಪ ಹೆಣ್ಣು ನೋಡೋಕೂ ಒಬ್ಬನೇ ಹೋಗ್ಲಿಲ್ಲ ಕಣೋ!"

"ನಾನು ಹೋಗ್ತೀನಿ!"

"ತಡಿಯೋ, ಬಸ್ ಸ್ಟ್ಯಾಂಡಿನ ತನಕ ಬಂದು ಕಂಡಕ್ಟರಿಗೆ ಒಂದು ಮಾತು ಹೇಳಿ..."

ಇನ್ನು ನಿಂತರೆ ಕಂಡಕ್ಟರನೂ ನೆಂಟನಾಗುತ್ತಾನೆ ಎಂದು ವಿಶ್ವಾರಾಧ್ಯ ಬೀದಿಗೆ ಹಾರಿದ. ಹಿಂದಿನಿಂದ "ಎಣ್ಣೆಗಾಯಿ! ಎಣ್ಣೆಗಾಯಿ!" ಎಂದು ದೊಡ್ಡಮ್ಮ. ಈ ಸಲ ನಿಲ್ಲಲಿಲ್ಲ! ಆಟೋ ಹಿಡಿದು ಬಸ್ ಸ್ಟ್ಯಾಂಡಿಗೆ ಬಂದರೆ ಬಸ್ಸೊಂದು ಆಗಷ್ಟೇ ಹೊರಡುತ್ತಿತ್ತು. ಹಿಂದಿರುಗಿ ನೋಡಿದ, ದೊಡ್ಡಪ್ಪನ ಸ್ಕೂಟರ್ ಗೇಟಿನ ಹತ್ತಿರ ಬರುತ್ತಿದೆ! ಓಡುವ ಬಸ್ಸನ್ನು ಹಾರಿ ಹತ್ತಿಯೇ ಬಿಟ್ಟ.

ಕಿಟಕಿ ಪಕ್ಕದ ಸೀಟೇ ಸಿಕ್ಕಿತು. ಆಹಾ, ಎಂಥ ಗಾಳಿ! ಬಸ್ಸಿನಲ್ಲಿ ಪರಿಚಯದ ಮುಖ ಒಂದೂ ಇಲ್ಲ, ಆದರೂ ಎದೆಯಲ್ಲಿ ಹೆದರಿಕೆಯಿಲ್ಲ. ಎರಡೂ ಕಾಲು ಮಡಚಿ ಕೂತು ವಿಶ್ವಾರಾಧ್ಯ ಹೆಂಡತಿಗೆ ಫೋನ್ ಹಚ್ಚಿದ.

"ಸುಮಾ! ಬಸ್ಸಲ್ಲಿದ್ದೀನಿ! ಒಬ್ಬನೇ! ದೊಡ್ಡಪ್ಪ ಟೆಂಪೋ ತರ್ತೀನಿ ಅಂದ್ರು, ಬೇಡ ಅಂದೆ. ಮುಖಕ್ಕೆ ಹೊಡೆದ ಹಾಗೆ ಬೇಡ ಅಂದೆ!"

ಆ ಕಡೆಯಿಂದ ಸುಮನಾಳ ಧ್ವನಿ ಮೆತ್ತಗೆ ಬಂತು. "ನಿಜವಾಗ್ಲೂ? ನೀವು? ದೊಡ್ಡಪ್ಪಂಗೆ?"

"ಮತ್ತೆ? ನನ್ನನ್ನ ಏನಂತ ತಿಳ್ಕೊಂಡಿದ್ದೀಯ?"

ಅಷ್ಟರಲ್ಲಿ ಕಂಡಕ್ಟರ್ ಬಂದ. "ಎಲ್ಲಿಗೆ ಸಾರ್?"

"ಮೈಸೂರು!" ಎಂದ ವಿಶ್ವಾರಾಧ್ಯ, ಇಡೀ ಬಸ್ಸಿಗೆ ಕೇಳುವಂತೆ.

"ಮೈಸೂರಾ? ಹತ್ತೋವಾಗ ಬೋರ್ಡ್ ನೋಡೋದಲ್ವಾ ಸಾರ್? ಇದು ಶಿವಮೊಗ್ಗಕ್ಕೆ ಹೋಗೋ ಬಸ್ಸು!"

ವಿಶ್ವಾರಾಧ್ಯ ಮಡಚಿದ ಕಾಲುಗಳನ್ನು ಒಂದೊಂದಾಗಿ ಕೆಳಗಿಳಿಸಿದ. ಫೋನು ಇನ್ನೂ ಕಿವಿಯಲ್ಲೇ ಇತ್ತು. ಆ ತುದಿಯಲ್ಲಿ ಸುಮನಾ ನಗುತ್ತಿದ್ದಳು, ಇಂಪನಾಳಿಗೆ ಹೇಳುತ್ತಿದ್ದಳು, ಮತ್ತೆ ನಗುತ್ತಿದ್ದಳು. ಕಡೆಗೆ ಉಸಿರು ಹಿಡಿದುಕೊಂಡು ಹೇಳಿದಳು:

"ಹಾಲು ಬೇಡ ಅಂದಿದ್ದೆ, ಪೇಪರ್ ಬೇಡ ಅಂದಿದ್ದೆ, ಎಲ್ಲಾ ಏರ್ಪಾಡು ಮಾಡಿದ್ದೆ ರೀ. ಟೆರೇಸ್ ಮೇಲಿನ ಗಿಡಕ್ಕೆ ನೀರು ಹಾಕೋಕೆ ಮಾತ್ರ ಯಾರೂ ಸಿಕ್ಕಿರ್ಲಿಲ್ಲ. ಹೆಂಗೂ ಮನೆ ಕಡೆ ಹೋಗ್ತಿದ್ದೀರಲ್ಲ, ಒಂದೊಂದು ಚೊಂಬು ಹಾಕ್ಬಿಟ್ಟು ಬನ್ನಿ!"