ಮುಚ್ಚಳದಲ್ಲಿ ಯೂರಿಯಾ ಹಾಕುವ ಮಾವ

ಮಧುರೆ ಹೋಬಳಿಯಲ್ಲಿ ನಮ್ಮ ಸೋದರಮಾವನಂಥ ಜಿಪುಣ ಇನ್ನೊಬ್ಬನಿಲ್ಲ. ದುಡ್ಡಿನ ಜಿಪುಣ ಎಂದುಕೊಂಡೀರಿ ಮತ್ತೆ! ಹೋಟೆಲಿನಲ್ಲಿ ಎಲ್ಲರ ಕಾಫಿಗೂ ತಾನೇ ಕೊಡುವ ಧಾರಾಳಿ ಅವನು. ಅವನ ಜಿಪುಣತನವೆಲ್ಲ ಯೂರಿಯಾ ಗೊಬ್ಬರದ್ದು.

ಊರಿನವರು ಮಳೆ ಬಿದ್ದ ಮಾರನೆಯ ದಿನ ಯೂರಿಯಾವನ್ನು ಬೊಗಸೆಗಟ್ಟಲೆ ಎರಚಿ, ಮನೆಗೆ ಹೋಗಿ ಮುದ್ದೆ ಉಂಡು ಮಲಗುತ್ತಾರೆ. ಮಾವ ಮಾತ್ರ ಸೋಡಾ ಬಾಟಲಿಯ ಮುಚ್ಚಳ ಹಿಡಿದು ರಾಗಿ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತಿರುತ್ತಾನೆ. ಎರಡು ಬುಡಕ್ಕೆ ಅರ್ಧ ಮುಚ್ಚಳ! ಹಾಕಿ, ಮಣ್ಣು ಮುಚ್ಚಿ, ಮುಂದಕ್ಕೆ ತೆವಳುವುದು. ಒಂದು ಎಕರೆ ಮುಗಿಯುವ ಹೊತ್ತಿಗೆ ಆ ಸೊಂಟದ ಗತಿ ಏನಾಗಬೇಡ?

"ಅಕ್ಕಸಾಲಿಗ ಚಿನ್ನ ತೂಗ್ದಂಗೆ ತೂಗ್ತಾನಲ್ಲಪ್ಪಾ!" ಎಂದು ಅಮ್ಮ ಹಣೆ ಚಚ್ಚಿಕೊಳ್ಳುತ್ತಿದ್ದಳು. ಆ ಎಕರೆ ಅಮ್ಮನದು. ಅಪ್ಪ ತೀರಿಕೊಂಡ ಮೇಲೆ ತಮ್ಮನಿಗೆ ವಾರಕ್ಕೆ ಕೊಟ್ಟಿದ್ದಳು; ಬೆಳೆದದ್ದರಲ್ಲಿ ಇಬ್ಬರಿಗೂ ಅರ್ಧರ್ಧ. ಮಾವನಿಗೆ ಬೇರೆ ಹೊಲವಿರಲಿಲ್ಲ.

ಮುಚ್ಚಳ ಸಾಲದೆಂದು ಅವನ ಜೇಬಿನಲ್ಲಿ ಒಂದು ಪ್ಲಾಸ್ಟಿಕ್ ಪಟ್ಟಿಯೂ ಇತ್ತು. ಯಾವುದೋ ತರಬೇತಿಯಲ್ಲಿ ಕೊಟ್ಟದ್ದು. ಅದರ ಮೇಲೆ ತಿಳಿಹಸಿರಿನಿಂದ ಕಡುಹಸಿರಿನವರೆಗೆ ಬಣ್ಣಗಳು. ಪೈರಿನ ಎಲೆಗೆ ಹಿಡಿದು ನೋಡಬೇಕು. ಎಲೆ ತೀರಾ ತಿಳಿಯಾಗಿದ್ದರೆ ಮಾತ್ರ ಯೂರಿಯಾ. ಹೊಲದಲ್ಲಿ ಹಿಡಿದಿದ್ದರೆ ಯಾರು ಕೇಳುತ್ತಿದ್ದರು? ನೆಂಟರ ಮದುವೆ ಊಟದಲ್ಲಿ ಬಾಳೆಲೆಗೂ ಹಿಡಿದುಬಿಟ್ಟ!

"ಈ ತೋಟದೋರು ಗೊಬ್ಬರ ಜಾಸ್ತಿ ಸುರ್ದವ್ರೆ ಕಣೋ" ಎಂದು ಇಡೀ ಪಂಕ್ತಿಗೆ ಕೇಳುವಂತೆ ತೀರ್ಪು ಕೊಟ್ಟ. ಬಕೆಟ್ ಹಿಡಿದು ಕಾಯುತ್ತಿದ್ದವನು ಕೇಳಿದ: "ಯಜಮಾನ್ರೇ, ನಿಮಗೆ ಪಾಯಸ ಹಾಕ್ಲಾ, ಯೂರಿಯಾ ಹಾಕ್ಲಾ?"

ಕಳೆದ ಮಳೆಗಾಲದಲ್ಲಿ ಪಕ್ಕದ ಹೊಲದ ಮುನಿಯಪ್ಪನ ರಾಗಿ ಕಪ್ಪಗೆ ಕಾಣುವಷ್ಟು ಹಸಿರಾಗಿ ಎದ್ದು ನಿಂತಿತ್ತು. ಅವನು ಬದುವಿನ ಮೇಲೆ ನಿಂತು ಕೂಗಿದ: "ಏನಪ್ಪಾ, ನಿನ್ ರಾಗಿಗೆ ಕಾಮಾಲೆ ಏನಾದ್ರೂ ಬಂದೈತಾ?"

"ಜಾಸ್ತಿ ಹಾಕಿದ್ದು ಪೈರಿಗೆಲ್ಲಿ ಹತ್ತುತ್ತಣ್ಣಾ? ಒಂದಿಷ್ಟು ನೀರಿಗೆ ಹೋಯ್ತದೆ, ಒಂದಿಷ್ಟು ಗಾಳಿಗೆ. ಗಾಳಿಗೆ ಹೋದದ್ರಿಂದ ಭೂಮಿನೇ ಬಿಸಿಯಾಯ್ತದಂತೆ."

"ಓಹೋ! ನಿನ್ ಮುಚ್ಚಳದಿಂದ ಭೂಮಿ ತಣ್ಣಗಾಯ್ತದಾ?"

"ನಮ್ಮಕ್ಕನ ಒಂದು ಎಕರೆನಾದ್ರೂ ಆಗ್ಲಿ ಬಿಡು!"

ಈ ಕಾಮಾಲೆಯ ಸುದ್ದಿ ಅಮ್ಮನ ಕಿವಿಗೂ ಬಿತ್ತು. ಆಕೆ ತಮ್ಮನನ್ನು ಕರೆದು ಖಡಾಖಂಡಿತವಾಗಿ ಹೇಳಿದಳು: "ಈ ಸಲ ರಾಗಿ ಕಮ್ಮಿ ಬಂದ್ರೆ ಹೊಲ ಮುನಿಯಪ್ಪಂಗೆ ಕೊಡ್ತೀನಿ. ತಮ್ಮ ಅಂತ ನೋಡಲ್ಲ."

ಮಾವನ ಮುಖ ಸಪ್ಪಗಾಯಿತು. ನಾನು ಗುಟ್ಟಾಗಿ ಬುದ್ಧಿ ಹೇಳಿದೆ: "ಒಂದ್ ಮೂಟೆ ಎರಚ್ಬಿಡು ಮಾವ. ಅಮ್ಮನ ಕಣ್ಣಿಗೆ ಹಸಿರು ಕಂಡ್ರೆ ಸಾಕು."

"ನಿಮ್ಮಮ್ಮ ಮುದ್ದೆ ಮಾಡೋದು ಕಾಳಿಂದ ಕಣ್ಲಾ, ಎಲೆಯಿಂದಲ್ಲ!" ಎಂದು ನನಗೇ ಗದರಿದ. ಇಂಥ ಹಟಮಾರಿಗೆ ಯಾರು ತಾನೇ ಏನು ಮಾಡಲಾದೀತು?

ತೆನೆ ಕಟ್ಟುವ ಹೊತ್ತಿಗೆ ಮಳೆ ಗಾಳಿ ಎರಡೂ ಒಟ್ಟಿಗೆ ಬಂದವು. ಉಬ್ಬಿ ಬೆಳೆದಿದ್ದ ಮುನಿಯಪ್ಪನ ರಾಗಿ ಚಾಪೆ ಹಾಸಿದಂತೆ ಮಲಗಿತು. ಮಾವನ ಗಿಡ್ಡ ರಾಗಿ ಅಲ್ಲಾಡಿ ಮತ್ತೆ ನೆಟ್ಟಗೆ ನಿಂತಿತು. ಮುನಿಯಪ್ಪ ತಲೆ ಕೆರೆಯುತ್ತ ಬಂದು, "ಆ ಪಟ್ಟಿ ಒಂದ್ಗಳಿಗೆ ಕೊಡಪ್ಪಾ" ಎಂದ.

"ಮಲ್ಗಿರೋ ರಾಗಿಗೆ ಪಟ್ಟಿ ಯಾಕಣ್ಣಾ, ದಿಂಬು ಕೊಡ್ಲಾ?" ಎಂದ ಮಾವ. ಹೇಳಿದ್ದೇನೋ ಹೇಳಿದ; ಆಮೇಲೆ ಮುನಿಯಪ್ಪನ ಪೈರು ಎತ್ತಿ ಕಟ್ಟಲು ಎರಡು ದಿನ ತಾನೇ ಹೋದ.

ಒಕ್ಕಣೆಯ ದಿನ ಅಮ್ಮ ಕಣಕ್ಕೆ ಬಂದಳು. ರಾಶಿ ಹೋದ ವರ್ಷಕ್ಕಿಂತ ದೊಡ್ಡದೇ ಇತ್ತು. ಮಾವ ದೂರದಲ್ಲಿ ಟವೆಲ್ ಹಿಂಡುತ್ತ, ಪರೀಕ್ಷೆ ಬರೆದ ಹುಡುಗನ ಹಾಗೆ ನಿಂತಿದ್ದ. ಅಮ್ಮ ರಾಶಿಯ ಕಡೆ ಹೆಚ್ಚು ಹೊತ್ತು ನೋಡಲಿಲ್ಲ. ತಮ್ಮನ ಬಳಿಗೆ ಹೋಗಿ ಅವನ ಬಲಗೈ ಹಿಡಿದು ಬಿಡಿಸಿದಳು. ಬೆರಳ ತುದಿಗಳೆಲ್ಲ ಸಿಪ್ಪೆ ಎದ್ದು ಬಿರಿದಿದ್ದವು. ಆ ಎಕರೆಯ ಒಂದೊಂದು ಬುಡವನ್ನೂ ಮುಟ್ಟಿದ ಕೈ. ಇಷ್ಟು ದಿನ ನಗುತ್ತಿದ್ದ ನಮ್ಮಲ್ಲಿ ಒಬ್ಬರಾದರೂ ಅದನ್ನು ನೋಡಿರಲಿಲ್ಲ.

"ಹೇಳ್ಬಾರ್ದೇನೋ ನಂಗೆ? ಹರಳೆಣ್ಣೆ ಹಚ್ತಿದ್ನಲ್ಲೋ" ಎಂದಳು ಅಮ್ಮ. ಆಮೇಲೆ ಮೆಲ್ಲಗೆ, "ನಾನಿರೋಗಂಟ ಈ ಹೊಲ ನೀನೇ ಮಾಡು" ಎಂದಳು.

ಊರಿಗೆಲ್ಲ ಪಾಠ ಹೇಳುವ ನಮ್ಮ ಮಾವ ಅಕ್ಕನ ಕೈ ಬಿಡದೆ, ಎಲ್ಲರೆದುರೇ ಅತ್ತುಬಿಟ್ಟ.